ಸ್ಲೈಡ್ ಆಮೇಲೆ ಮಾಡು, ಮೊದಲು ಕೆಲಸದ ಜಾಗಕ್ಕೆ ಹೋಗು

ಉದ್ಯೋಗ ಖಾತ್ರಿಯಲ್ಲಿ ಕೂಲಿಕಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧುಗಳಿಗೆ ತರಬೇತಿ ಕೊಡುವ ಕೆಲಸ ನಿನಗೆ ಸಿಕ್ಕಿತೆಂದು ಕೇಳಿ ಖುಷಿಯಾಯಿತು ತಮ್ಮಾ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕು ಸುತ್ತಬೇಕು ಅಂದೆ. ಸುತ್ತು. ಆದರೆ ಲ್ಯಾಪ್‌ಟಾಪ್ ತೆರೆಯುವ ಮುನ್ನ ನನ್ನದೊಂದು ಮಾತು ಕೇಳಿಸಿಕೋ.

ಮೊನ್ನೆ ತರಬೇತಿ ರೂಪಿಸುವ ಆ್ಯಡಿ ಮಾದರಿಯನ್ನು ಗಡಗಡನೆ ಒಪ್ಪಿಸಿದೆ: ವಿಶ್ಲೇಷಣೆ, ವಿನ್ಯಾಸ, ಸಿದ್ಧತೆ, ಅನುಷ್ಠಾನ, ಮೌಲ್ಯಮಾಪನ. 1975ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು ರೂಪಿಸಿದ ಕ್ರಮ ಅದರ ಮೂಲ. ಸಿಪಾಯಿಗೆ ಏನು ಕಲಿಸಬೇಕೆಂಬುದು ಮೇಷ್ಟರ ಮರ್ಜಿಯಲ್ಲ, ಅವನು ಮಾಡಬೇಕಾದ ಕೆಲಸವೇ ಅದನ್ನು ಹೇಳಬೇಕು ಅನ್ನುವುದು ಅದರ ಜೀವಾಳ. ನಾವು ಜೀವಾಳ ಬಿಟ್ಟು ಐದು ಹೆಸರು ಇಟ್ಟುಕೊಂಡಿದ್ದೇವೆ. ಸುತ್ತೋಲೆ ಬರುತ್ತದೆ, ಸಭಾಂಗಣ ಸಿಗುತ್ತದೆ, ಊಟಕ್ಕೆ ಹೇಳಿಯಾಗುತ್ತದೆ, ಹಾಜರಿಗೆ ಸಹಿ ಬೀಳುತ್ತದೆ. ಮುಗಿಯಿತು ತರಬೇತಿ.

ನೀನು ಹಾಗೆ ಮಾಡಬೇಡ. ಟ್ರೆಂಚ್ ತೋಡುತ್ತಿರುವ ಕಡೆ ಹೋಗಿ ಬೆಳಿಗ್ಗೆಯಿಂದ ಕೂರು. ಕಾಯಕ ಬಂಧು ದಿನಕ್ಕೆರಡು ಸಲ ಹಾಜರಿಗೆಂದು ಕೂಲಿಕಾರರ ಫೋಟೊ ತೆಗೆದು ಎನ್‌ಎಂಎಂಎಸ್ ಆ್ಯಪ್‌ಗೆ ಹಾಕಬೇಕು. ಫೋಟೊ ಹೋಗಲಿಲ್ಲ ಅನ್ನು. ಸಿಗ್ನಲ್ ಇಲ್ಲದ ಗುಡ್ಡದ ಓರೆಯಾದರೆ ನಿನ್ನ ಯಾವ ಪಾಠವೂ ಅದನ್ನು ಹತ್ತಿಸದು. ಅದನ್ನು ಪಿಡಿಒಗೆ ಬರೆದುಕೊಡು, ತರಬೇತಿಯ ಲೆಕ್ಕಕ್ಕೆ ಸೇರಿಸಬೇಡ. ಇನ್ನು ಟ್ರೆಂಚಿನ ಅಳತೆ. ಮೂರು ಮೀಟರ್ ಉದ್ದ, ಒಂದೂವರೆ ಅಗಲ, ಅರ್ಧ ಮೀಟರ್ ಆಳ. ಟೇಪು ಹಿಡಿಯುವುದು ಕಾಯಕ ಬಂಧು ಹೆಣ್ಣುಮಗಳಿಗೆ ಸಲೀಸು, 2.25 ಘನ ಮೀಟರ್ ಅಂತ ಗುಣಿಸುವಲ್ಲಿ ಕೈ ತಡೆಯುತ್ತದೆ. ಎಂಜಿನಿಯರ್ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಬರೆದಷ್ಟಕ್ಕೇ ಕೂಲಿ. ಅಗೆದದ್ದೆಷ್ಟು ಅಂತ ತಾನೇ ಲೆಕ್ಕ ಹಾಕಲು ಬಾರದವಳು ಕಡಿಮೆ ಬಿದ್ದಾಗ ಏನಂತ ಕೇಳಿಯಾಳು? ಕಲಿಸಬೇಕಾದದ್ದು ಇದು. ವಿಶ್ಲೇಷಣೆ ಎಂದರೆ ಇಷ್ಟೇ: ಬಾರದ್ದು ಯಾವುದು, ಆಗದ್ದು ಯಾವುದು ಅಂತ ಬೇರೆ ಮಾಡುವುದು. ಈ ಒಂದು ಹೆಜ್ಜೆಗೆ ನಿನ್ನ ಅರ್ಧ ಸಮಯ ಹೋದರೂ ಚಿಂತೆಯಿಲ್ಲ.

ಆಮೇಲೆ ಉದ್ದೇಶ ಬರೆ. 'ಯೋಜನೆಯ ಬಗ್ಗೆ ಅರಿವು ಮೂಡಿಸುವುದು' ಅಂತ ಬರೆದರೆ ಆ ಹಾಳೆ ಹರಿದುಹಾಕು. ಅರಿವು ಮೂಡಿತೋ ಇಲ್ಲವೋ ನೋಡುವುದು ಹೇಗೆ? 'ಬೆಳಿಗ್ಗೆ ಕೂಲಿಕಾರರ ಪ್ರತಿ ಜೋಡಿಗೂ ಗುರುತು ಹಾಕಿಕೊಟ್ಟು, ಸಂಜೆ ಅಗೆತದ ಘನ ಮೀಟರ್ ತಾನೇ ಬರೆಯುತ್ತಾಳೆ' ಅನ್ನು. ಇದನ್ನು ಕಣ್ಣಾರೆ ನೋಡಬಹುದು. ನಾಳೆ ಯೋಜನೆಯ ಹೆಸರು, ನಿಯಮ ಬದಲಾದರೂ ಗುಣಾಕಾರ ಬದಲಾಗದು.

ಸಾಮಗ್ರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಇಡೀ ರಾಜ್ಯಕ್ಕೆಂದು ಮಾಡಿದ್ದರಲ್ಲಿ ನಿನಗೆ ಬೇಕಾದ್ದು ಆರಿಸಿಕೋ. ಎರಡು ಟೇಪು, ಒಂದು ಸುಣ್ಣದ ಪುಡಿ ಚೀಲ, ಪಂಚಾಯ್ತಿ ಹಿಂದಿನ ಖಾಲಿ ಜಾಗ, ಸಾಕು.

ದಿನ ಗೊತ್ತು ಮಾಡುವಾಗ ಮಾತ್ರ ಹುಷಾರು. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವ ಹೆಂಗಸರನ್ನು ಬೆಳ್ಳಂಬೆಳಿಗ್ಗೆ ಕರೆದರೆ ಯಾರು ಬರುತ್ತಾರೆ? ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರಿನ ವಾರಗಳಲ್ಲಿ ಇಡಲೇಬೇಡ. ಹರಪನಹಳ್ಳಿ, ಕೂಡ್ಲಿಗಿ ತಾಂಡಾಗಳ ಜನ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೋದ ಮೇಲೆ ಖಾಲಿ ಕುರ್ಚಿಗೆ ಪಾಠ ಮಾಡಬೇಕಾದೀತು. ತಾಂಡಾದಲ್ಲಾದರೆ ಲಂಬಾಣಿ ಮಾತಾಡಬಲ್ಲ ಒಬ್ಬಳನ್ನು ಜೊತೆಗಿಟ್ಟುಕೋ.

ಕಡೆಯದು ಮೌಲ್ಯಮಾಪನ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ: ಮೆಚ್ಚಿದರೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಬಂತೇ. ನಮ್ಮ ಫಾರಂಗಳು ಮೊದಲನೆಯದರಲ್ಲೇ ನಿಲ್ಲುತ್ತವೆ. ಊಟ ಚೆನ್ನಾಗಿದ್ದರೆ 'ಉತ್ತಮ'ಕ್ಕೆ ಟಿಕ್ ಬೀಳುತ್ತದೆ. ನೀನು ತಿಂಗಳು ಬಿಟ್ಟು ಅದೇ ಜಾಗಕ್ಕೆ ಹೋಗು, ಟೇಪು ನಿನ್ನದೇ ಇರಲಿ. ಆಕೆ ಬರೆದ ಲೆಕ್ಕವನ್ನು ಗುಂಡಿಯ ಜೊತೆ ತಾಳೆ ನೋಡು, ಎಂ.ಬಿ. ಜೊತೆಗೂ ನೋಡು. ಹೊಂದದಿದ್ದರೆ ಆಕೆಯನ್ನು ಮತ್ತೆ ತರಬೇತಿಗೆ ಕರೆಸುವ ಮುಂಚೆ ನಿನ್ನ ಪಾಠ ತಿದ್ದಿಕೋ.