ವಿರಳತೆಯ ವ್ಯಾಪಾರ: ಸಂಗ್ರಹ ಕಾರ್ಡುಗಳ ಉದ್ಯಮ ಕಲಿಸುವ ಪಾಠ

ಒಂದೇ ಬಗೆಯ ಕಾಗದ, ಅದೇ ಶಾಯಿ, ಅದೇ ಮುದ್ರಣಾಲಯ. ಆದರೂ ಒಂದು ಕಾರ್ಡು ಕೆಲವೇ ಸೆಂಟುಗಳಿಗೆ ಮಾರಾಟವಾದರೆ ಮತ್ತೊಂದು ನೂರಾರು ಡಾಲರುಗಳನ್ನು ತರುತ್ತದೆ. ಡ್ರಾಗನ್ ಮೊದಲಾದ ಕಾಲ್ಪನಿಕ ಯುದ್ಧಜೀವಿಗಳ ಚಿತ್ರವುಳ್ಳ ಸಂಗ್ರಹ ಕಾರ್ಡುಗಳ ಉದ್ಯಮದಲ್ಲಿ ಬೆಲೆಯನ್ನು ನಿರ್ಧರಿಸುವುದು ಉತ್ಪಾದನಾ ವೆಚ್ಚವಲ್ಲ. ಮುದ್ರಿತ ಪ್ರತಿಗಳ ಸಂಖ್ಯೆ ಮತ್ತು ಆಟಗಾರರ ಬೇಡಿಕೆ. ಈ ಉದ್ಯಮದ ಆರಂಭದ ವರ್ಷಗಳ ಅನುಭವವು ಎಲ್ಲ ಉತ್ಪಾದಕರಿಗೂ ವರ್ತಕರಿಗೂ ಮನನಯೋಗ್ಯವಾಗಿದೆ.

ಉದ್ಯಮದ ಆರಂಭ

ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟವನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಣ್ಣ ಸಂಸ್ಥೆಯಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ 1993ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ತಂದಿತು. ಬೆಲ್ಜಿಯಂನಲ್ಲಿ ಮುದ್ರಿತವಾದ ಮೊದಲ ಸುಮಾರು 26 ಲಕ್ಷ ಕಾರ್ಡುಗಳು ಅಲ್ಪಾವಧಿಯಲ್ಲಿಯೇ ಖರ್ಚಾದವು. 15 ಕಾರ್ಡುಗಳ ಪೊಟ್ಟಣದಲ್ಲಿ 11 ಸಾಮಾನ್ಯ, 3 ಅಸಾಮಾನ್ಯ, 1 ವಿರಳ ಎಂಬ ಅನುಪಾತವಿದ್ದಿತು. ಒಳಗೇನಿದೆಯೆಂಬುದು ಗ್ರಾಹಕನಿಗೆ ತಿಳಿಯದು. ಬೇಕಾದ ಕಾರ್ಡಿಗಾಗಿ ವಿನಿಮಯ ನಡೆದು, ಬಿಡಿ ಕಾರ್ಡುಗಳ ಮಾರುಕಟ್ಟೆಯೊಂದು ತಾನಾಗಿಯೇ ಬೆಳೆಯಿತು.

ಎರಡು ಪೆಟ್ಟುಗಳು

ಪೂರೈಕೆ ಸಾಲದಿದ್ದುದರಿಂದ ಅಂಗಡಿಕಾರರಿಗೆ ಕೇಳಿದ ಸರಕಿನ ಒಂದಂಶ ಮಾತ್ರ ದೊರೆಯುತ್ತಿತ್ತು. ಅವರು ಅಗತ್ಯಕ್ಕಿಂತ ಹಲವು ಪಟ್ಟು ಬೇಡಿಕೆ ಸಲ್ಲಿಸತೊಡಗಿದರು. 1994ರ ನವೆಂಬರ್‌ನ 'ಫಾಲನ್ ಎಂಪೈರ್ಸ್' ಸರಣಿಯನ್ನು ಸಂಸ್ಥೆಯು ಭಾರೀ ಪ್ರಮಾಣದಲ್ಲಿ ಮುದ್ರಿಸಿ ಪೂರೈಸಿದಾಗ ಸರಕು ಅಂಗಡಿಗಳಲ್ಲಿಯೇ ಉಳಿದು ಬೆಲೆ ಕುಸಿಯಿತು.

1995ರಲ್ಲಿ 'ಕ್ರಾನಿಕಲ್ಸ್' ಸರಣಿಯು ಹಳೆಯ ವಿರಳ ಕಾರ್ಡುಗಳನ್ನು ಮರುಮುದ್ರಿಸಿತು. 1994ರ 'ಲೆಜೆಂಡ್ಸ್' ಸರಣಿಯ ನಿಕೋಲ್ ಬೋಲಾಸ್ ಮುಂತಾದ ಪ್ರಾಚೀನ ಡ್ರಾಗನ್‌ಗಳೂ ಅವುಗಳಲ್ಲಿದ್ದವು. ಆಟಗಾರರಿಗೆ ಅನುಕೂಲವಾಯಿತಾದರೂ, ಮೂಲ ಪ್ರತಿಗಳಲ್ಲಿ ಬಂಡವಾಳ ತೊಡಗಿಸಿದ್ದ ಸಂಗ್ರಾಹಕರಿಗೂ ಅಂಗಡಿಕಾರರಿಗೂ ಆಘಾತವಾಯಿತು. ಮರುಮುದ್ರಣಕ್ಕೆ ಬಿಳಿಯ ಅಂಚನ್ನಿಟ್ಟು ಮೂಲದಿಂದ ಪ್ರತ್ಯೇಕಿಸಿದ್ದರೂ ಅಸಮಾಧಾನ ತಣಿಯಲಿಲ್ಲ.

ವಾಗ್ದಾನ ಮತ್ತು ಅದರ ಬೆಲೆ

1996ರಲ್ಲಿ ಸಂಸ್ಥೆಯು ಎಂದಿಗೂ ಮರುಮುದ್ರಿಸದ ಕಾರ್ಡುಗಳ ಪಟ್ಟಿಯನ್ನು ಪ್ರಕಟಿಸಿತು. 1999ರಲ್ಲಿ ಸಂಸ್ಥೆಯು ಹ್ಯಾಸ್‌ಬ್ರೋ ಕಂಪನಿಯ ಒಡೆತನಕ್ಕೆ ಸೇರಿದ ನಂತರವೂ ಈ ನೀತಿ ಮುಂದುವರಿದು, 2010ರಲ್ಲಿ ಇನ್ನಷ್ಟು ಬಿಗಿಯಾಯಿತು. ಸಂಗ್ರಾಹಕರ ಹಿತವೇನೋ ರಕ್ಷಿತವಾಯಿತು. ಆದರೆ ಪಟ್ಟಿಯಲ್ಲಿನ ಹಲವು ಕಾರ್ಡುಗಳು ಹೊಸ ಆಟಗಾರರ ಕೈಗೆಟುಕದಾದವು. 2022ರಲ್ಲಿ ಅಧಿಕೃತ ಸ್ಪರ್ಧೆಗಳಲ್ಲಿ ಬಳಸಲಾಗದ 60 ಕಾರ್ಡುಗಳ ಸ್ಮರಣ ಸಂಪುಟವನ್ನು 999 ಡಾಲರಿಗೆ ನೀಡಿದಾಗ ತೀವ್ರ ಟೀಕೆ ವ್ಯಕ್ತವಾಯಿತು.

ಗಮನಾರ್ಹ ಅಂಶಗಳು

1. ಕೊರತೆಯ ಕಾಲದಲ್ಲಿ ಬರುವ ಬೇಡಿಕೆಪತ್ರಗಳೆಲ್ಲವೂ ನಿಜವಾದ ಬೇಡಿಕೆಯಲ್ಲ. ಉತ್ಪಾದನೆಯನ್ನು ಹೆಚ್ಚಿಸುವ ಮುನ್ನ ಕೊನೆಯ ಗ್ರಾಹಕನ ಖರೀದಿಯನ್ನು ಪರಿಶೀಲಿಸುವುದು ಕ್ಷೇಮ.

2. ವಿರಳತೆಯನ್ನು ಮಾರುವ ಉತ್ಪಾದಕನು ಹಳೆಯ ಗ್ರಾಹಕನ ದಾಸ್ತಾನಿಗೂ ಹೊಣೆಗಾರನಾಗುತ್ತಾನೆ. 'ಸೀಮಿತ ಆವೃತ್ತಿ' ಎಂಬ ಪದ ಜಾಹೀರಾತಲ್ಲ, ಕರಾರು.

3. ವಾಗ್ದಾನವನ್ನು ಅಳೆದು ನೀಡಬೇಕು. ಇಂದಿನ ನಷ್ಟ ತುಂಬಲು ಕೊಟ್ಟ ಮಾತು ಕಾಲು ಶತಮಾನದ ನಂತರವೂ ಕೈ ಕಟ್ಟಬಲ್ಲದು.

ಮುದ್ರಣಯಂತ್ರವು ಎಷ್ಟು ಕಾರ್ಡುಗಳನ್ನಾದರೂ ಕೊಡಬಲ್ಲದು. ಕೊಳ್ಳುವವನ ನಂಬಿಕೆಯನ್ನು ಮಾತ್ರ ಅದು ಮರುಮುದ್ರಿಸಲಾರದು.