ದೋಣಿಯ ಬಾಡಿಗೆ, ದಡದ ವೆಚ್ಚ

ನಮ್ಮ ದಾವಣಗೆರೆಯಲ್ಲಿ ಮದುವೆಯ ಲೆಕ್ಕ ಎಲೆಯಿಂದ ಆರಂಭವಾಗುತ್ತದೆ. ಛತ್ರ ಯಾವುದು, ಚಿನ್ನವೆಷ್ಟು ಎಂಬವೆಲ್ಲ ಅನಂತರದ ಮಾತು, ‘ಎಷ್ಟು ಎಲೆ?’ ಎಂಬ ಪ್ರಶ್ನೆಗೆ ಸಾವಿರಕ್ಕೆ ಕಡಮೆಯಾದ ಉತ್ತರವಿತ್ತ ಗೃಹಸ್ಥನನ್ನು ವಿನೋಬನಗರದ ನಮ್ಮ ಬೀದಿಯಲ್ಲಿ ನಾನಂತೂ ಕಂಡವನಲ್ಲ. ಹೀಗಿರಲು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗಳು ತನ್ನ ವಿವಾಹವು ಉಡುಪಿಯ ಬಳಿ, ಸ್ವರ್ಣಾ ನದಿಯು ಕಡಲನ್ನು ಸೇರುವ ಕೋಡಿಬೆಂಗ್ರೆಯ ಹಿನ್ನೀರಿನಲ್ಲಿ, ಬಾಡಿಗೆಗೆ ಹಿಡಿದ ಬೋಟ್‌ಹೌಸಿನ ಮೇಲೆಯೇ ನಡೆಯತಕ್ಕದ್ದೆಂದು ಹಟ ಹಿಡಿದಾಗ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಸೋದರಮಾವನೆಂಬ ಕಾರಣಕ್ಕೆ ಖರ್ಚಿನ ಪಟ್ಟಿ ನನ್ನ ಪಾಲಿಗೆ ಬಂದಿತು.

ಛತ್ರದವನು ದಿನವನ್ನು ಮಾರುತ್ತಾನೆ. ಬೋಟಿನವನು ಗಂಟೆಯನ್ನೂ ತಲೆಯನ್ನೂ ಮಾರುತ್ತಾನೆ. ಆಲಪ್ಪುಳದಲ್ಲಿ ರೂಢಿಯಾಗಿರುವಂತೆ ಮಧ್ಯಾಹ್ನ 12ಕ್ಕೆ ಹತ್ತಿದವರು ಮರುದಿನ ಬೆಳಿಗ್ಗೆ 9ಕ್ಕೆ ಇಳಿಯಬೇಕು, ಸಂಜೆ ಐದೂವರೆಯ ಸುಮಾರಿಗೆ ಬೆಸ್ತರು ಬಲೆ ಬೀಸುವ ಹೊತ್ತಾದ್ದರಿಂದ ಬೋಟು ದಡಕ್ಕೆ ಕಟ್ಟಿಕೊಳ್ಳಬೇಕು. ನಾವು ವಿಚಾರಿಸಿದ ಬೋಟಿನ ನಿಯಮವೂ ಹೆಚ್ಚುಕಡಮೆ ಇದೇ. ನಮ್ಮ ಪುರೋಹಿತರು ಇಟ್ಟ ಲಗ್ನವಾದರೋ ಬೆಳಗಿನ ಒಂಬತ್ತೂವರೆಯದು. ಎಂದಮೇಲೆ ಒಂದು ಮುಹೂರ್ತಕ್ಕೆ ಎರಡು ದಿನದ ಬಾಡಿಗೆ! ಅದನ್ನೂ ತೆರಲು ಹುಡುಗಿಯ ತಂದೆಯಾದ ನನ್ನ ಭಾವ ಸಿದ್ಧನಿದ್ದನೆನ್ನಿ; ಆದರೆ ಹೋಮಕುಂಡದ ಮಾತೆತ್ತಿದೊಡನೆ ಬೋಟಿನವನು ಮೇಲಿನ ಬಿದಿರು-ಚಾಪೆಯ ಮಾಡನ್ನೂ, ಹಿಂಬದಿಯ ಅಡುಗೆಕೋಣೆಯ ಗ್ಯಾಸ್ ಸಿಲಿಂಡರನ್ನೂ ಬೆರಳಿಂದ ತೋರಿಸಿ ಸುಮ್ಮನಾದನು. ಅಗ್ನಿಸಾಕ್ಷಿಯಿಲ್ಲದ ಸಪ್ತಪದಿಗೆ ಪುರೋಹಿತರು ಒಪ್ಪುವವರಲ್ಲ. ಕಡೆಗೆ ದಡದ ದೇವಾಲಯವೊಂದರಲ್ಲಿ ಧಾರೆಯೆರೆದು, ಮಧ್ಯಾಹ್ನದ ಊಟಕ್ಕೆ ಬೋಟು ಹತ್ತುವುದೆಂದು ನಿಶ್ಚಯವಾಗಿ, ಒಂದು ದಿನದ ಬಾಡಿಗೆ ಉಳಿಯಿತು. ಬೋಟಿನ ಮೇಲೆ ಮದುವೆ ಬಯಸುವವರಿಗೆ ನಾನು ಹೇಳುವ ಉಪಾಯವೂ ಇದೇ.

ತಲೆಗಳ ಲೆಕ್ಕ ಇನ್ನೂ ಕಠಿಣವಾದದ್ದು. 2021ರ ಒಳನಾಡು ಜಲಯಾನಗಳ ಕಾಯಿದೆಯ ಮೇರೆಗೆ ಯಾಂತ್ರಿಕ ದೋಣಿಗೆ ನೋಂದಣಿಯೂ ತಪಾಸಣೆಯ ಪತ್ರವೂ ಇರತಕ್ಕದ್ದು. ಎಷ್ಟು ಮಂದಿ ಹತ್ತಬಹುದೆಂಬುದನ್ನು ಮುಂಗಡ ಕೊಡುವ ಮುನ್ನವೇ ಆ ಪತ್ರದಲ್ಲಿ ಓದಿಕೊಳ್ಳಬೇಕು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿದ್ದ ವಿಹಾರದೋಣಿ ಮಗುಚಿ 22 ಮಂದಿ ಮಡಿದುದನ್ನು ಬಲ್ಲವರು ‘ಇನ್ನಿಬ್ಬರು ತಾನೆ’ ಎನ್ನಲಾರರು. ದಿಬ್ಬಣ ದೋಣಿ ಹತ್ತುವುದು ಎಲ್ಲೆಡೆಯೂ ನಮ್ಮಂತೆ ಬಯಕೆಯಿಂದಲ್ಲ; ಶರಾವತಿ ಹಿನ್ನೀರಿನಾಚೆಯ ತುಮರಿಯ ಕಡೆಯವರು, 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ, ದಿಬ್ಬಣವನ್ನು ಲಾಂಚಿನಲ್ಲಿಯೇ ದಾಟಿಸುತ್ತಿದ್ದರು. ಅವರಿಗದು ವಿಲಾಸವಲ್ಲ, ವಿಧಿ.

ನಮ್ಮ ಬೋಟಿಗೆ ಅರುವತ್ತು ಮಂದಿಯ ಮಿತಿ. ಎಲೆಗೆ 250 ರೂಪಾಯಿಯಂತೆ ಸಾವಿರ ಎಲೆಗೆ 2,50,000. ಎಲೆಗೆ 600ರಂತೆ ದುಬಾರಿ ಊಟವನ್ನೇ ಬಡಿಸಿದರೂ ಅರುವತ್ತಕ್ಕೆ 36,000 ಮಾತ್ರ. ಕಾಗದದ ಮೇಲೆ ಬೋಟು ಗೆದ್ದಿತು. ಬಸ್ಸು, ಉಡುಪಿಯ ವಸತಿ ಇವುಗಳನ್ನು ಕೂಡಿದರೂ ಗೆಲುವು ಕೈತಪ್ಪಲಿಲ್ಲ. ಆಗುಂಬೆ ಘಾಟಿಯ ತಿರುವುಗಳಿಗೆ ಹೆದರಿ ಒಂದು ದೊಡ್ಡ ಬಸ್ಸಿನ ಬದಲು ಎರಡು ಮಿನಿ ಬಸ್ಸು ಹಿಡಿದುದು ಒಂದಿಷ್ಟು ಹೆಚ್ಚಿನ ಹೊರೆ, ಅಷ್ಟೆ.

ಲೆಕ್ಕವನ್ನು ಕೆಡಿಸಿದ್ದು ಮುಯ್ಯಿಯ ಪುಸ್ತಕ. ತಂಗಿಯ ಮನೆಯಲ್ಲಿ ಕೆಂಪು ಬಟ್ಟೆಯ ಹೊದಿಕೆಯುಳ್ಳ ಒಂದು ಉದ್ದ ಪುಸ್ತಕವುಂಟು. ಯಾರ ಮನೆಯ ಮದುವೆಗೆ ಎಷ್ಟು ಓದಿಸಿದ್ದೆಂಬುದು ಭಾವನ ತಂದೆಯ ಕಾಲದಿಂದಲೂ ಅದರಲ್ಲಿ ದಾಖಲಾಗಿದೆ, ಮೊದಲ ಪುಟಗಳಲ್ಲಿ ಐದು ರೂಪಾಯಿ, ಕಡೆಯ ಪುಟಗಳಲ್ಲಿ ಸಾವಿರದ ಒಂದು. ಬ್ಯಾಂಕಿನವನಾದ ನನ್ನ ಕಣ್ಣಿಗೆ ಅದು ಬಡ್ಡಿಯಿಲ್ಲದ ಠೇವಣಿ. ಮಗಳ ಮದುವೆಯ ದಿನವೇ ಅದರ ಅವಧಿ ತುಂಬತಕ್ಕದ್ದು. ಅರುವತ್ತೇ ಮಂದಿಯನ್ನು ಕರೆದರೆ ಠೇವಣಿ ಮುಳುಗಿತೆಂದೇ ಅರ್ಥ. ಭಾವನಿಗೆ ಮಾತ್ರ ಹಣಕ್ಕಿಂತ ಹೆಚ್ಚಿನ ಸಂಕೋಚ. ‘ಹರಿಹರದೋರು ಮೂರು ತಲೆಮಾರಿಂದ ಬಂದು ಉಂಡು ಹೋಗ್ಯಾರೆ ಭಾವಾ, ಬೋಟಿನಾಗೆ ಜಾಗ ಇಲ್ಲ ಅಂತ ಹೆಂಗೆ ಹೇಳ್ಲಿ?’ ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ಛತ್ರದಲ್ಲಿ ಆರತಕ್ಷತೆ ನಡೆಯಿತು, ಸಾವಿರದ ಮೇಲೂ ಎಲೆ ಬಿದ್ದವು.

ಛತ್ರದವರು ಬಾಡಿಗೆಯನ್ನೂ ಅಡುಗೆಯ ಗುತ್ತಿಗೆಯನ್ನೂ ಒಟ್ಟಿಗೆ ನಗದಾಗಿಯೇ ಕೇಳಿದರು. ಒಂದೇ ಸಮಾರಂಭದ ಸಂಬಂಧವಾಗಿ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2017ರ ಏಪ್ರಿಲಿನಿಂದಲೇ ನಿಷೇಧಿಸಿದೆ, ಪಡೆದಷ್ಟೇ ಮೊತ್ತದ ದಂಡವು ಪಡೆದವನಿಗೇ ಬೀಳುತ್ತದೆ ಎಂದು ತಿಳಿಸಿದೊಡನೆ ಬ್ಯಾಂಕ್ ಖಾತೆಯ ಸಂಖ್ಯೆ ಕೈಗೆ ಬಂದಿತು. ಮದುವೆಯಲ್ಲಿ ಬಂದ ಉಡುಗೊರೆಗೆ ತೆರಿಗೆಯಿಲ್ಲವೆಂಬ ವಿನಾಯಿತಿಯೂ ವಧೂವರರಿಗಷ್ಟೇ ಸಲ್ಲುವುದು, ತಂದೆತಾಯಿಗಳಿಗಲ್ಲ. ಆದಕಾರಣ ಮುಯ್ಯಿಯ ಲಕೋಟೆಗಳ ಮೇಲೆ ಮಗಳ ಹೆಸರನ್ನೇ ಬರೆಯಿಸಿ, ಹಣವನ್ನು ಅವಳ ಖಾತೆಗೇ ಕಟ್ಟಿಸಿದೆನು. ಭಾವನು ಅದೇ ರಾತ್ರಿ ಕೆಂಪು ಪುಸ್ತಕದಲ್ಲಿ ಹೊಸ ಪುಟ ತೆರೆದು, ಬೋಟಿಗೆ ಬಂದ ಅರುವತ್ತು ಮಂದಿಯನ್ನು ಬೇರೆಯಾಗಿ ಬರೆಯಬೇಕೋ ಬೇಡವೋ ಎಂದು ನನ್ನನ್ನು ಕೇಳಿದನು.