ಹಸಿರು ದೀಪ ಉರಿಯುತ್ತಿದ್ದರೂ ಲಿಂಕ್ ಇಲ್ಲ

ಪಹಣಿಗೆಂದು ಸಾಲಿನಲ್ಲಿ ನಿಂತವರಿಗೆ ಕೌಂಟರಿನಿಂದ ಬರುವ ಉತ್ತರ ಗೊತ್ತೇ ಇದೆ: "ಸರ್ವರ್ ಇಲ್ರಿ, ನಾಳಿ ಬರ್ರಿ." ಎಷ್ಟೋ ಸಲ ಬೆಂಗಳೂರಿನ ಸರ್ವರ್ ಚೆನ್ನಾಗಿಯೇ ಇರುತ್ತದೆ, ನಡುವಿನ ದಾರಿ ಕಡಿದಿರುತ್ತದೆ. ಕಲಬುರಗಿಯಿಂದ ಆಳಂದ, ಅಫಜಲಪುರ, ಜೇವರ್ಗಿಗೆ ಹೋಗುವ ಲಿಂಕ್‌ಗಳನ್ನು ನೋಡಿಕೊಳ್ಳುತ್ತ ನಾನು ಕಲಿತದ್ದೆಲ್ಲ ಈ ನಡುವಿನ ದಾರಿಯ ವಿಷಯವೇ.

ಪ್ರತಿ ತಾಲ್ಲೂಕಿಗೆ ನೇರ ಫೈಬರ್ ಒಂದು, ಪಕ್ಕದ ತಾಲ್ಲೂಕು ಬಳಸಿ ಬರುವ ರೇಡಿಯೊ ಲಿಂಕ್ ಒಂದು. ಯಾವ ದಾರಿ ಹಿಡಿಯಬೇಕೆಂಬುದನ್ನು ಸ್ವಿಚ್‌ಗಳು ಒಎಸ್‌ಪಿಎಫ್‌ನಿಂದ ತಿಳಿಯುತ್ತವೆ. 10 ಸೆಕೆಂಡಿಗೊಮ್ಮೆ ನೆರೆಯ ಸ್ವಿಚ್‌ಗೆ ಹಲೋ. 40 ಸೆಕೆಂಡ್ ಆ ಕಡೆಯಿಂದ ಹಲೋ ಬಾರದಿದ್ದರೆ ನೆರೆ ಹೋಯಿತೆಂದು ಲೆಕ್ಕ; ಈ ಅವಧಿಯೇ ಡೆಡ್ ಟೈಮರ್. ಆಗ ಎಲ್ಲ ಸ್ವಿಚ್‌ಗಳೂ ಡೈಕ್‌ಸ್ಟ್ರಾ ವಿಧಾನದಲ್ಲಿ ದಾರಿಯನ್ನು ಹೊಸದಾಗಿ ಹುಡುಕುತ್ತವೆ. ಹಾಗಿದ್ದರೆ ಹಲೋ 1, ಡೆಡ್ 4 ಮಾಡಿಬಿಡೋಣ ಎಂಬ ಸಲಹೆ ಪ್ರತಿ ಮೀಟಿಂಗಿನಲ್ಲೂ ಬರುತ್ತಿತ್ತು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಜೇವರ್ಗಿ ರಸ್ತೆಯಲ್ಲಿ ಜೆಸಿಬಿ ಫೈಬರ್ ಕಿತ್ತಿತು ಅನ್ನಿ. ಬೆಳಕು ನಿಂತು ಪೋರ್ಟ್ ಡೌನ್ ಆಗುತ್ತದೆ. ಸ್ವಿಚ್‌ಗೆ ಆ ಕ್ಷಣವೇ ತಿಳಿಯುತ್ತದೆ, ಅದು ಡೆಡ್ ಟೈಮರ್‌ಗೆ ಕಾಯುವುದೇ ಇಲ್ಲ. ಅಲ್ಲಿ 40 ಇದ್ದರೂ 4 ಇದ್ದರೂ ಒಂದೇ. ಕಷ್ಟವೆಲ್ಲ ರೇಡಿಯೊದಲ್ಲಿ. ಅಫಜಲಪುರದ ಕಡೆಯ ಟವರಿಗೆ ಕರೆಂಟ್ ಹೋಗಿ ಬ್ಯಾಟರಿಯೂ ಇಳಿದರೆ ಆ ತುದಿಯ ರೇಡಿಯೊ ಸತ್ತಿತು. ಈ ತುದಿಯ ರೇಡಿಯೊ, ಅದರಿಂದ ಸ್ವಿಚ್‌ಗೆ ಬರುವ ಕೇಬಲ್ ಎರಡೂ ಸರಿಯಿರುವುದರಿಂದ ನಮ್ಮ ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆ 40 ಸೆಕೆಂಡ್ ಕಳಿಸಿದ್ದೆಲ್ಲ ಗಾಳಿಪಾಲು.

ಇಂಥ ಲಿಂಕಿನ ಹಲೋ ಬಿಗಿ ಮಾಡಿದರೆ ಗುಡುಗು ಮಳೆಯಲ್ಲಿ ಸಿಗ್ನಲ್ ಸ್ವಲ್ಪ ಕುಂದಿದರೂ ನೆರೆ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಅದೇ ಏರಿಯಾದಲ್ಲಿರುವ ಆಳಂದದ ಸ್ವಿಚ್ ಕೂಡ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಬೇಕು. ಅದಕ್ಕೇ ನಾವು ಮೊದಲು ಮುಟ್ಟಿದ್ದು ರೇಡಿಯೊವನ್ನು. ಆಕಾಶದ ಲಿಂಕ್ ಹೋದರೆ ಕೇಬಲ್ ಪೋರ್ಟನ್ನೂ ಬೀಳಿಸುವ ಸೆಟ್ಟಿಂಗ್ ಹಲವು ರೇಡಿಯೊಗಳಲ್ಲಿದೆ. ಅದನ್ನು ಆನ್ ಮಾಡಿದೆವು. ಆ ಸೌಲಭ್ಯವಿಲ್ಲದ ಹಳೆಯವಕ್ಕೆ ಮಾತ್ರ ಹಲೋ 3, ಡೆಡ್ 12. ಜೊತೆಗೆ ಎಸ್‌ಪಿಎಫ್ ಥ್ರಾಟಲ್: ಮೊದಲ ಲೆಕ್ಕ 50 ಮಿಲಿಸೆಕೆಂಡಿಗೆ, ಲಿಂಕ್ ಕುಣಿಯತೊಡಗಿದರೆ ಕಾಯುವ ಅವಧಿ ಇಮ್ಮಡಿಸುತ್ತ 5 ಸೆಕೆಂಡಿನವರೆಗೆ.

ಟೈಮರ್ ಎರಡೂ ತುದಿಯಲ್ಲಿ ಒಂದೇ ಇರಬೇಕು, ಇಲ್ಲದಿದ್ದರೆ ನೆರೆ ಸೇರುವುದೇ ಇಲ್ಲ. ದೂರದ ತುದಿಯನ್ನೇ ಮೊದಲು ಬದಲಿಸಿ. ಅಲ್ಲಿಗೆ ಹತ್ತಿರದ ಸ್ವಿಚ್‌ನಿಂದ, ಲಿಂಕಿನದೇ ವಿಳಾಸ ಹಿಡಿದು ಲಾಗಿನ್ ಆಗಿ. ನೇರ ಜೋಡಿಸಿದ ವಿಳಾಸಕ್ಕೆ ಒಎಸ್‌ಪಿಎಫ್ ಬೇಕಿಲ್ಲ. ಟೈಮರ್ ಬದಲಿಸುವ ಮುಂಚೆ ಅಲ್ಲಿ 10 ನಿಮಿಷಕ್ಕೆ ರೀಲೋಡ್ ಇಟ್ಟಿರಿ, ಸೇವ್ ಮಾಡಬೇಡಿ. ಏನಾದರೂ ಕೈತಪ್ಪಿದರೆ ಸ್ವಿಚ್ ತಾನಾಗಿ ಹಳೆಯ ಸ್ಥಿತಿಗೆ ಬರುತ್ತದೆ, ಜೀಪ್ ಹತ್ತಿ ಅಫಜಲಪುರಕ್ಕೆ ಓಡಬೇಕಿಲ್ಲ. ನೆರೆಯ ಸ್ಥಿತಿ ಫುಲ್ ಎಂದು ಕಂಡಮೇಲೆ ರೀಲೋಡ್ ರದ್ದು ಮಾಡಿ, ಆಮೇಲೆ ಸೇವ್ ಮಾಡಿ.